ಮುನ್ನೂರ ಮೂವತ್ತೊಂದನೆಯ ಹೆಜ್ಜೆ

ಕಲ್ಲು ಕಡಿದವನು ಗುಂಡಿ ಮುಚ್ಚುವುದಿಲ್ಲ. ಇದು ನಿಮಗೆ ಗೊತ್ತಿರಬೇಕು. ಆನವಟ್ಟಿಯಿಂದ ಸೊರಬದ ಕಡೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದಲೇ ಕಾಣುತ್ತವೆ, ಜಂಬಿಟ್ಟಿಗೆ ಕಲ್ಲು ಕೊಯ್ದು ಲಾರಿ ತುಂಬಿಸಿಕೊಂಡು ಬಿಟ್ಟುಹೋದ ಚೌಕ ಹೊಂಡಗಳು. ಮಳೆಗಾಲದಲ್ಲಿ ತುಂಬುತ್ತವೆ. ದಸರಾ ಹೊತ್ತಿಗೆ ನೀರಿನ ಮೇಲೆ ಅಂತರಗಂಗೆ ಹಬ್ಬಿಕೊಂಡು ಮೇಯಲು ಬಿಟ್ಟ ಹುಲ್ಲಿನ ಹಾಗೆ ಕಾಣುತ್ತವೆ. ಅದು ನೀರು ಎಂದು ಊರ ಮಕ್ಕಳಿಗೆ ಗೊತ್ತು, ದನಗಳಿಗೂ ಗೊತ್ತು. ಗೊತ್ತಿಲ್ಲದಿರುವುದು ಊರ ನಕ್ಷೆಗೆ ಮಾತ್ರ.

ನಕ್ಷೆಗೆ ಯಾಕೆ ಗೊತ್ತಿಲ್ಲ ಎಂಬುದನ್ನು ಆನವಟ್ಟಿಯ ನಾಗರಾಜಪ್ಪನವರಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿಲ್ಲ. ಮೂವತ್ತೊಂದು ವರ್ಷ ಅವರು ಸರ್ವೆ ಇಲಾಖೆಯಲ್ಲಿ ಚೈನ್‌ಮನ್ ಆಗಿದ್ದರು. ಹೊಲ ಅಳೆಯುವ ಸರಪಳಿಯ ತುದಿ ಹಿಡಿದು ಮುಳ್ಳು, ಕೆಸರು, ಕಾನು ಎನ್ನದೆ ಎಳೆದುಕೊಂಡು ಹೋಗುವುದು ಅವರ ಕೆಲಸ. ಸರ್ವೆಯರ್ ಸಾಹೇಬರು ಮರದ ಬುಡದಲ್ಲಿ ಕೊಡೆ ಬಿಚ್ಚಿ ಕೂತು, ಇವರು ಕೂಗಿ ಹೇಳಿದ್ದನ್ನು ಬರೆದುಕೊಳ್ಳುವರು. ಮೂವತ್ತಮೂರು ಅಡಿಗೆ ಒಂದು ಸರಪಳಿ, ಸರಪಳಿಗೆ ಹದಿನಾರು ಆಣೆ. ನಿವೃತ್ತರಾದ ದಿನ ಕಚೇರಿಯವರು ಹಾರ ಹಾಕಿ, ಸವೆದುಹೋದ ಹಳೆಯ ಸರಪಳಿಯೊಂದನ್ನು ನೆನಪಿಗೆಂದು ಕೊಟ್ಟರು. ಅವರ ಹೆಂಡತಿ ಬಸವಣ್ಣೆಮ್ಮ ಅದನ್ನು ನೋಡಿ, “ಸದ್ಯ, ಸವತೀನ ಮನೀಗೇ ಕರ್ಕೊಂಡು ಬಂದ್ರಲ್ಲ,” ಎಂದು ನಕ್ಕು, ಪಡಸಾಲೆಯ ಗೂಟಕ್ಕೆ ತೂಗುಹಾಕಿದ್ದಳು.

ಆ ಮೂವತ್ತೊಂದು ವರ್ಷಗಳಲ್ಲಿ ನಾಗರಾಜಪ್ಪ ನಡೆಯದೇ ಇದ್ದದ್ದು ಒಂದೇ ಒಂದು ದಾರಿ. ಅದು ಬಿಳಿಗಲ್ಲುಕೊಪ್ಪದ್ದು.

೧೯೮೮ರಲ್ಲಿ ಆ ಊರಿನ ನಕ್ಷೆ ಹೊಸದಾಗಿ ಬರೆಯಬೇಕಾಗಿ ಬಂದಾಗ ಅವರೂ ಸರ್ವೆಯರೂ ಊರಿನ ದೊಡ್ಡ ಜಮೀನುದಾರನ ಮನೆಯ ಜಗಲಿಯಲ್ಲಿ ಇಳಿದಿದ್ದರು. ಊಟಕ್ಕೆ ಹೋಳಿಗೆ. ಉಂಡ ಮೇಲೆ ಕಣ್ಣು ಎಳೆಯುವ ಬಿಸಿಲು. ಗೋಮಾಳ ಹಾಯ್ದು ಹೋಗುವ ಸರ್ಕಾರಿ ಕಾಲುದಾರಿಯೊಂದರ ಅಳತೆ ಉಳಿದಿತ್ತು. ಸರ್ವೆಯರ್ ಎಲೆ ಅಡಿಕೆ ಹಾಕಿಕೊಳ್ಳುತ್ತಾ, “ಹಳೇ ದಾರಿ ಇದ್ದಲ್ಲೇ ಐತಲ್ಲೋ ನಾಗರಾಜ? ಇಲ್ಲೇ ಕೂತು ಹೇಳಿಬಿಡು, ಬರ್ಕೊಂತೀನಿ,” ಎಂದರು. ಅಂಗಳದಲ್ಲಿ ನಿಂತ ಲಾರಿಯ ಗಾಲಿಗೆ ಕೆಂಪು ಹುಡಿ ಮೆತ್ತಿದ್ದು ನಾಗರಾಜಪ್ಪನ ಕಣ್ಣಿಗೆ ಬಿತ್ತು. ಜಂಬಿಟ್ಟಿಗೆ ಹುಡಿ. ಎಲ್ಲಿಂದ ಬಂತು ಎಂದು ಒಂದು ಸಲ ಅನ್ನಿಸಿತು. ಅನ್ನಿಸಿದ್ದು ಹೋಳಿಗೆಯ ಮಂಪರಿನಲ್ಲಿ ಹಾಗೇ ಇಳಿದುಹೋಯಿತು. ಕಣ್ಣು ಮುಚ್ಚಿಕೊಂಡೇ ಹೇಳಿದರು: “ಇಪ್ಪತ್ತೇಳು ಸರಪಳಿ ನಾಕಾಣೆ. ನೆಟ್ಟಗೆ.” ಕೆಳಗೆ ಇಬ್ಬರ ಸಹಿಯೂ ಬಿತ್ತು. ಇಂಥದಕ್ಕೆ ಆ ಕೆಲಸದವರು ಮೇಜಿನ ಅಳತೆ ಅನ್ನುತ್ತಾರೆ. ಬಿಳಿಗಲ್ಲುಕೊಪ್ಪದಲ್ಲಿ ಮೇಜೂ ಇರಲಿಲ್ಲ.

ಎಂಟು ವರ್ಷ ಕಳೆಯಿತು. ೧೯೯೬ರ ದಸರಾ ರಜೆಗೆ ಮುಂಚೆ ಚಿದಂಬರ ಎಂಬ ತರುಣ ನಾಗರಾಜಪ್ಪನವರನ್ನು ಹುಡುಕಿಕೊಂಡು ಬಂದ. ಸೊರಬದ ಕಡೆಯವನೇ. ಎಂಜಿನಿಯರಿಂಗ್ ಓದಿ ‘ಹೊಸಹೆಜ್ಜೆ’ ಎಂಬ ಸಂಸ್ಥೆಗೆ ಸೇರಿದ್ದ. ನಗರದ ಕೊಳೆಗೇರಿ ಮಕ್ಕಳನ್ನು ಕಾಡು ಗುಡ್ಡಗಳಿಗೆ ಕರೆದೊಯ್ದು, ಜೊತೆಗೆ ಯಂತ್ರವಿದ್ಯೆಯನ್ನೂ ಕಲಿಸುವುದು ಆ ಸಂಸ್ಥೆಯ ಕಾರ್ಯಕ್ರಮ. ಈ ಸಲ ದಾವಣಗೆರೆಯಿಂದ ಇಪ್ಪತ್ತೆರಡು ಮಕ್ಕಳು ಬರುವವರಿದ್ದರು. ಕೆಲವರು ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಬೆಳೆದವರು, ಕೆಲವರು ಬಾಗಿಲು ಹಾಕಿದ ಹತ್ತಿ ಗಿರಣಿಯ ಸಾಲುಮನೆಯವರು. ಬಿಳಿಗಲ್ಲುಕೊಪ್ಪದ ಶಾಲೆಯಲ್ಲಿ ಆರು ದಿನದ ಶಿಬಿರ. ದಿಕ್ಸೂಚಿ ಹಿಡಿದು ನಡೆಯುವುದು, ನಕ್ಷೆ ಓದುವುದು, ನಡೆದ ಅಳತೆಯನ್ನು ಕಂಪ್ಯೂಟರಿಗೆ ಹಾಕಿ ತಾವೇ ನಕ್ಷೆ ಬರೆಯುವುದು.

“ನೀವು ಬಂದು ಅಳತೆ ಕಲಿಸಬೇಕು ನಾಗರಾಜಪ್ಪನವರೇ. ಪುಸ್ತಕದಲ್ಲಿ ಇರೋದನ್ನ ನಾನೇ ಹೇಳ್ತೇನೆ. ಕಾಲಲ್ಲಿ ಇರೋದು ನಿಮಗೇ ಗೊತ್ತು.”

ಮೂವತ್ತೊಂದು ವರ್ಷ ‘ಏಯ್ ಚೈನ್’ ಎಂದು ಕರೆಸಿಕೊಂಡ ಮನುಷ್ಯನಿಗೆ ಯಾರೋ ಹೀಗೆ ಅಂದದ್ದು ಮೊದಲ ಸಲ. ಅವರು ಗೂಟದಿಂದ ಸರಪಳಿ ಇಳಿಸಿಕೊಂಡರು.

ಮಕ್ಕಳು ಜೀಪುಗಳಿಂದ ಇಳಿದವರೇ ಬಯಲು ಕಂಡು ಕೂಗಿಕೊಂಡು ಓಡಿದರು. ನಾಗರಾಜಪ್ಪ ಶಾಲೆಯ ಅಂಗಳದಲ್ಲಿ ಸರಪಳಿ ಹಾಸಿ, ಒಬ್ಬೊಬ್ಬರನ್ನೂ ಅದರ ಪಕ್ಕ ನಡೆಸಿ ಅವರವರ ಹೆಜ್ಜೆಯ ಅಳತೆ ತೆಗೆದರು.

“ಹೆಜ್ಜೆ ಅಂದ್ರೆ ಹೆಜ್ಜೆ ಕಣ್ರೋ, ಕುಣಿಯೋದಲ್ಲ. ಸಂತಿಗೆ ಹೋಗೋ ಹಂಗೆ ನಡೀರಿ.”

ದಾದಾಪೀರ್ ಎಂಬ ಹದಿನಾಲ್ಕು ವರ್ಷದ ಹುಡುಗ ಎರಡು ಸಲ ನಡೆದು ಬಂದು ಎದುರಿಗೆ ನಿಂತ. ಒಣಕಲು ದೇಹ, ಭಟ್ಟಿಯ ಬೂದಿಗೆ ಕೆಂಪಾದ ಕಣ್ಣು. “ಅಜ್ಜಾರ, ಹದಿನಾರೂವರಿ ಹೆಜ್ಜಿ ಆತು. ಅರ್ಧ ಹೆಜ್ಜಿ ಬರೀಲೇನು, ಬಿಡ್ಲೇನು?”

“ಬಿಡು ಮಾರಾಯ. ಅರ್ಧ ಹೆಜ್ಜೆ ಯಾವ ಲೆಕ್ಕ?”

“ಅದ್ಹೆಂಗ್ ಬಿಡಾಕ್ ಬರ್ತತಿ? ಭಟ್ಟ್ಯಾಗ ಒಂದು ಚೀಲ ತಪ್ಪಿ ಎಣಿಸಿದ್ರ ಮಾಲೀಕ ಬೆನ್ನ ಮ್ಯಾಲೆ ಬರೀತಾನ.”

ಅವನ ಗೆಳೆಯ ಮಹಾಂತೇಶ, ಗಿರಣಿ ಸಾಲುಮನೆಯ ಹುಡುಗ, ಪಕ್ಕದಿಂದ ಬಾಯಿ ಹಾಕಿದ: “ಇವ್ನು ಊಟಕ್ಕ ಕುಂತ್ರೂ ತುತ್ತು ಎಣಿಸ್ತಾನ್ರೀ ಅಜ್ಜಾರ. ನನ್ನವೂ ಎಣಿಸ್ತಾನ. ಹೊಟ್ಟಿ ತುಂಬ ಉಣ್ಣಾಕೂ ಬಿಡಂಗಿಲ್ಲ.”

ಮಕ್ಕಳೆಲ್ಲ ನಕ್ಕರು, ನಾಗರಾಜಪ್ಪನೂ ನಕ್ಕರು. ಹದಿನಾರೂವರೆ ಎಂದೇ ಬರೆಸಿದರು. ಹೆಜ್ಜೆಗೆ ಸರಿಯಾಗಿ ಎರಡಡಿ. ಮುಂದಿನ ಮೂರು ದಿನ ದಾದಾಪೀರ್ ಎಲ್ಲಿ ಹೋದರೂ ಬಾಯಿಬಿಟ್ಟು ಎಣಿಸುತ್ತಲೇ ಹೋದ. ಬಾವಿಗೆ ಅರವತ್ತೆರಡು. ಅಡಿಗೆಮನೆಗೆ ನಲವತ್ತು.

ನಾಲ್ಕನೆಯ ದಿನ ಚಿದಂಬರ ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದು, ಹುಡುಗರ ಹೆಜ್ಜೆಗಳನ್ನೂ ದಿಕ್ಕನ್ನೂ ಒಳಗೆ ಹಾಕಿದ. ಕರಿಯ ಪರದೆಯ ಮೇಲೆ ಒಂದು ಬಿಳಿ ಗೆರೆ ಮೆಲ್ಲಗೆ ಎಳೆದುಕೊಂಡಿತು. ದಾದಾಪೀರ್ ಅದರ ಹತ್ತಿರಕ್ಕೆ ಮುಖ ತಂದು, “ನಾ ನಡೆದದ್ದು ಇದ್ರಾಗ ಕಾಣ್ತತಿ!” ಎಂದ. ತಿರುಗಿ ಕೇಳಿದ: “ಸರ್, ನಾ ನಡೀದ ಸುಳ್ಳು ಹೇಳಿದ್ರ?”

“ಸುಳ್ಳನ್ನೇ ಬರೀತದೆ. ಪಾಪ, ಅದಕ್ಕೆ ಕಾಲಿಲ್ಲ,” ಎಂದು ಚಿದಂಬರ ನಕ್ಕ.

ಬಾಗಿಲಲ್ಲಿ ನಿಂತಿದ್ದ ನಾಗರಾಜಪ್ಪ ಯಾಕೋ ಅಲ್ಲಿ ನಿಲ್ಲದೆ ಅಂಗಳಕ್ಕೆ ಇಳಿದುಬಿಟ್ಟರು. ಯಾಕೆಂದು ತಿಳಿದದ್ದು ಮರುದಿನ ಬೆಳಿಗ್ಗೆ.

ಅವತ್ತು ಸ್ಪರ್ಧೆ. ನಾಲ್ಕೈದು ಜನರ ತಂಡ, ಕೈಯಲ್ಲಿ ನಕ್ಷೆ, ದಿಕ್ಸೂಚಿ, ಒಂದು ಸೀಟಿ. ಶಾಲೆಯ ಹಿಂದಿನಿಂದ ಗೋಮಾಳದ ಆಚೆಯ ಗಡಿಕಲ್ಲಿನವರೆಗೆ ಹೋಗಬೇಕು. ನಿಯಮ ಒಂದೇ: ಯಾರನ್ನೂ ದಾರಿ ಕೇಳುವಂತಿಲ್ಲ. ಕೇಳಿದರೆ ಅಂಕ ಕಟ್. ಚಿದಂಬರ ನಕ್ಷೆಯ ಪ್ರತಿಗಳನ್ನು ಹಂಚಿದ. ನಾಗರಾಜಪ್ಪ ಒಂದನ್ನು ಬಿಡಿಸಿ ನೋಡಿದರು. ಗೋಮಾಳದ ನಡುವೆ ನೆಟ್ಟಗೆ ಹೋದ ಚುಕ್ಕೆಗೆರೆ. ಕೆಳಗೆ ೧೯೮೮. ಸಾಹೇಬರ ಸಹಿ. ಅದರ ಪಕ್ಕ ತನ್ನದು.

ಅವರು ಬಾಯಿ ತೆರೆದರು. ಅಷ್ಟರಲ್ಲಿ ಚಿದಂಬರ ಅವರ ಭುಜದ ಮೇಲೆ ಕೈಯಿಟ್ಟು, “ನೋಡ್ರಪ್ಪ, ಈ ದಾರಿ ಅಳೆದವರು ಇವರೇ! ಇಲ್ಲಿ ಇವರ ಹೆಸರಿದೆ!” ಎಂದ. ಇಪ್ಪತ್ತೆರಡು ಮಕ್ಕಳು ಚಪ್ಪಾಳೆ ತಟ್ಟಿದರು. ದಾದಾಪೀರ್ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಆ ಚಪ್ಪಾಳೆಯ ನಡುವೆ ‘ನಾನಿದನ್ನು ನಡೆದಿಲ್ಲ’ ಎಂದು ಹೇಗೆ ಹೇಳುವುದು? ಹೇಳಬಹುದಿತ್ತು. ನಾಲ್ಕು ಮಾತು. ನಾಗರಾಜಪ್ಪ ತಮಗೆ ತಾವೇ ಸಮಾಧಾನ ಹೇಳಿಕೊಂಡರು: ಏನಿದ್ದೀತು, ಹೆಚ್ಚೆಂದರೆ ಯಾರದೋ ಬೇಲಿ. ವಾಪಸ್ ಬರುತ್ತಾರೆ.

ಎಲ್ಲರಿಗಿಂತ ಸರಿಯಾಗಿ ಎಣಿಸಿದ್ದಕ್ಕೆ ಮೊದಲು ಹೊರಡುವ ಅವಕಾಶ ದಾದಾಪೀರನ ತಂಡಕ್ಕೆ ಸಿಕ್ಕಿತು. ಅದು ಅವನಿಗೆ ಬಂದ ಬಹುಮಾನ.

ನಾಗರಾಜಪ್ಪನನ್ನು ಜೀಪು ಸುತ್ತುದಾರಿಯಲ್ಲಿ ಕರೆದೊಯ್ದು ಗಡಿಕಲ್ಲಿನ ಹತ್ತಿರ ಬಿಟ್ಟಿತು. ಬಂದ ತಂಡಗಳ ಹೊತ್ತು ಬರೆದುಕೊಳ್ಳುವುದು ಅವರ ಪಾಲಿನ ಕೆಲಸ. ಎದುರಿಗೆ ಆಳೆತ್ತರ ಲಂಟಾನದ ಪೊದೆ, ಅದರಾಚೆ ಗೋಮಾಳ. ಪೊದೆಯ ಆಚೆ ಏನಿದೆ ಎಂದು ಹತ್ತು ಮಾರು ಹೋಗಿ ನೋಡಬಹುದಿತ್ತು. ಹೋಗಲಿಲ್ಲ. ಎಂಟು ವರ್ಷದ ಹಿಂದೆಯೂ ಹೋಗಿರಲಿಲ್ಲ.

ಒಂಬತ್ತೂವರೆಯ ಬಿಸಿಲು. ಹುಲ್ಲು ಕೊಯ್ಯುತ್ತಿದ್ದ ವರದಮ್ಮ ಎಂಬಾಕೆ ದೂರದಿಂದ ಹುಡುಗರನ್ನು ಕಂಡು, “ಎಲ್ಲಿಗ್ರೋ ಹುಡುಗ್ರಾ? ಅತ್ಲಾಗೆ...” ಎಂದು ಕೂಗಿದಳು. ನಾಲ್ವರೂ ನಗುತ್ತಾ ಕಿವಿ ಮುಚ್ಚಿಕೊಂಡರು. “ಹೇಳ್ಬ್ಯಾಡ ಅಜ್ಜೀ, ಮಾರ್ಕ್ಸ್ ಹೊಕ್ಕಾವು!” ಎಂದು ಮಹಾಂತೇಶ ಕೂಗಿದ. ಮಕ್ಕಳಾಟ ಅಂದುಕೊಂಡು ವರದಮ್ಮ ಕೂಡ ನಕ್ಕಳು. ನಕ್ಕವಳು, ಅವರು ಅತ್ತಲೇ ನಡೆದದ್ದು ಕಂಡು ಕುಡುಗೋಲು ಬಿಸಾಕಿ ಓಡಿದಳು. ಓಡಿದರೂ ದೂರವಿತ್ತು.

ಪೊದೆಯ ಆಚೆಯಿಂದ ನಾಗರಾಜಪ್ಪನಿಗೆ ಎಣಿಕೆ ಕೇಳಿಸಿತು. ಸ್ಪಷ್ಟವಾಗಿ, ಒಂದೇ ಹದದಲ್ಲಿ. ಮುನ್ನೂರ ಇಪ್ಪತ್ತೆಂಟು. ಮುನ್ನೂರ ಇಪ್ಪತ್ತೊಂಬತ್ತು. ಅವರ ಮುಖದಲ್ಲಿ ನಗು ಬಂತು. ದಾರಿ ಇದೆ ಹಾಗಾದರೆ, ತಾನು ಸುಮ್ಮನೆ ಹೆದರಿದೆ. ಮುನ್ನೂರ ಮೂವತ್ತು. ಮುನ್ನೂರ ಮೂವತ್ತೊಂದು.

ಎಣಿಕೆ ನಿಂತಿತು.

ಬರೆದುಕೊಳ್ಳಲು ನಿಂತಿರಬೇಕು ಅಂದುಕೊಂಡರು. ಆಮೇಲೆ ಸೀಟಿ. ಉಸಿರು ಮುಗಿಯುವವರೆಗೆ ಊದಿದ ಒಂದೇ ಉದ್ದನೆಯ ಸೀಟಿ.

ಇಪ್ಪತ್ತು ಸರಪಳಿಗೆ ನೆಲ ಮುಗಿದಿತ್ತು. ಅಲ್ಲಿಂದ ಮುಂದೆ ಹಸಿರು. ಅದರ ಕೆಳಗೆ ಮೂರು ಆಳು ನೀರು. ಮುಂದೆ ನಡೆಯುತ್ತಿದ್ದವನು ನಕ್ಷೆ ನೋಡಿದ, ಎರಡೂ ಬದಿಯ ಮುಳ್ಳು ನೋಡಿದ, ಹಸಿರು ಬಯಲು ನೋಡಿದ, ಕಾಲಿಟ್ಟ. ಗಡಿಕಲ್ಲಿನಿಂದ ಅಲ್ಲಿಗೆ ಏಳು ಸರಪಳಿ. ನಾಗರಾಜಪ್ಪ ಪೊದೆ ಹರಿದುಕೊಂಡು ಬರುವಷ್ಟರಲ್ಲಿ ಅಂತರಗಂಗೆ ಮತ್ತೆ ಕೂಡಿಕೊಂಡಿತ್ತು. ಏನೂ ಆಗಿಲ್ಲವೆಂಬಂತೆ.

ಸಂಜೆ ಪೊಲೀಸರು ಬಂದು ಪಂಚನಾಮೆ ಬರೆದರು. ‘ಮೃತನು ತಂಡದಿಂದ ಬೇರ್ಪಟ್ಟು, ನಿಗದಿತ ದಾರಿ ಬಿಟ್ಟು, ಈಜುವ ಉದ್ದೇಶದಿಂದ ನೀರಿಗಿಳಿದು...’ ಸಂಸ್ಥೆಗೂ ಅದೇ ಬೇಕಿತ್ತು, ಗೋಮಾಳದಲ್ಲಿ ಕಲ್ಲು ಕಡಿದ ಜಮೀನುದಾರನಿಗೂ ಅದೇ ಬೇಕಿತ್ತು. ಮಹಾಂತೇಶ ಅಳುತ್ತಾ, “ಅವ್ನು ಈಜಾಕ್ ಹೋಗಿಲ್ರೀ, ಅವ್ನಿಗೆ ಈಜಾಕ ಬರ್ತಿದ್ದಿಲ್ಲ,” ಎಂದು ಎಲ್ಲರ ಅಂಗಿ ಹಿಡಿದು ಹೇಳಿದ. ಹುಡುಗರ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ಕಾಗದ ನಾಗರಾಜಪ್ಪನ ಮುಂದೆ ಬಂತು. “ಇಲ್ಲೊಂದು ಸೈನ್ ಹಾಕ್ರೀ, ಪಂಚರು ನೀವೇ.” ಹಾಕಿದರು. ಅದೇ ದಾರಿಗೆ ಎರಡನೆಯ ಸಹಿ.

ಆಮೇಲಿನ ಮೂರು ವರ್ಷವನ್ನು ಬದುಕು ಎನ್ನಲು ನಾಲಗೆ ಬರುವುದಿಲ್ಲ. ಮನೆಯಿಂದ ಬಸ್ ಸ್ಟ್ಯಾಂಡಿಗೆ ಹೊರಟರೆ ಹಿಟ್ಟಿನ ಗಿರಣಿಯ ಮುಂದೆ ಕಾಲು ತಾನಾಗಿ ನಿಂತುಬಿಡುವುದು. ಎಣಿಸಬಾರದು ಎಂದುಕೊಂಡರೂ ಕಾಲು ಎಣಿಸಿರುತ್ತಿತ್ತು. ಹಗಲು ಹನ್ನೆರಡಕ್ಕೆ, ಜನ ಓಡಾಡುವ ಬೀದಿಯಲ್ಲಿ, ಮುಂದೆ ಇಡಬೇಕಾದ ಹೆಜ್ಜೆಯ ಜಾಗ ಹಸಿರಾಗಿ ಕಾಣುವುದು. ಹಿಂದಿನಿಂದ ಸೈಕಲ್ಲಿನವರು ಬೈದುಕೊಂಡು ಸುತ್ತಿ ಹೋಗುವರು.

“ಯಾಕ್ ನಿಂತ್ರೀ?” ಬಸವಣ್ಣೆಮ್ಮ ಕೇಳುವಳು.

“ಏನಿಲ್ಲ. ಎಣಿಕೆ ಮುಗೀತು.”

ಓಣಿಯ ಮಕ್ಕಳು ಕಣ್ಣಾಮುಚ್ಚಾಲೆಗೆ ಒಂದು, ಎರಡು ಎಂದು ಶುರುಮಾಡಿದರೆ ಅವರು ಎದ್ದು ಕಿಟಕಿ ಹಾಕುವರು. ಗೂಟದ ಮೇಲಿನ ಸರಪಳಿ ಗಾಳಿಯಿಲ್ಲದೆ ಕಿಣಿ ಎನ್ನುವುದು. ಇಲಿ ಎಂದು ಬಸವಣ್ಣೆಮ್ಮ ಬೋನು ಇಟ್ಟಳು. ಬೋನಿಗೆ ಏನೂ ಬೀಳಲಿಲ್ಲ. ಕಿಣಿ ನಿಲ್ಲಲಿಲ್ಲ. ಒಮ್ಮೊಮ್ಮೆ ಪಡಸಾಲೆಯಲ್ಲಿ ಯಾರೋ ಸಂತೆಗೆ ಹೋಗುವ ಹೆಜ್ಜೆಯಲ್ಲಿ ನಡೆದ ಹಾಗೆ ಕೇಳುವುದು. ಆ ಹೆಜ್ಜೆಯ ಅಳತೆ ನಾಗರಾಜಪ್ಪನಿಗೆ ಗೊತ್ತು. ಎರಡಡಿ.

ಸಾವಿನ ತಿಂಗಳೊಪ್ಪತ್ತಿನಲ್ಲಿ ಚಿದಂಬರ ಬಂದಿದ್ದ. ಸಂಸ್ಥೆ ಬಿಟ್ಟಿದ್ದ, ಗಡ್ಡ ಬಿಟ್ಟಿದ್ದ. ಎರಡೂ ಅಂಚಿಗೆ ತೂತು ಇರುವ ಕಂಪ್ಯೂಟರ್ ಕಾಗದವೊಂದನ್ನು ಹಾಸಿದ. ಮಹಾಂತೇಶನ ಟಿಪ್ಪಣಿ ಪುಸ್ತಕದಲ್ಲಿದ್ದ ದಿಕ್ಕು, ಹೆಜ್ಜೆ ಎಲ್ಲ ಹಾಕಿ ತೆಗೆದ ಗೆರೆ ಅದು. ಅದರ ಮೇಲೆ ಊರ ನಕ್ಷೆ ಇಟ್ಟು ಬೆಳಕಿಗೆ ಹಿಡಿದ. ಹುಡುಗ ನಡೆದ ಗೆರೆ ಚುಕ್ಕೆಗೆರೆಯ ಮೇಲೆ ಸರಿಯಾಗಿ ಕೂತಿತ್ತು.

“ಒಂದಡಿ ಕೂಡ ತಪ್ಪಿಲ್ಲ ಅವನು. ನಕ್ಷೆಯೇ ಸುಳ್ಳು. ಆದರೆ ಯಾರನ್ನೂ ದಾರಿ ಕೇಳ್ಬೇಡಿ ಅಂದವನು ನಾನು. ಅದನ್ನ ಯಾರ ತಲೆಗೂ ಕಟ್ಟೋದಿಲ್ಲ.” ಅವನು ನಾಗರಾಜಪ್ಪನ ಮುಖ ನೋಡಿದ. “ನೀವು ನಡೆದಿದ್ರಾ ಆ ದಾರೀಲಿ?”

ನಾಗರಾಜಪ್ಪ ಕಾಗದದ ಮಡಿಕೆ ಸರಿಮಾಡತೊಡಗಿದರು. ಚಿದಂಬರ ಕಾಗದ, ನಕ್ಷೆ ಎರಡನ್ನೂ ಅಲ್ಲೇ ಬಿಟ್ಟು ಎದ್ದುಹೋದ. ಅವು ಟ್ರಂಕಿನಲ್ಲಿ, ಮದುವೆಯ ಪಂಚೆಯ ಕೆಳಗೆ ಹೋದವು.

೧೯೯೯ರ ಶ್ರಾವಣದಲ್ಲಿ ಬಾಗಿಲಿಗೆ ಒಬ್ಬ ಮನುಷ್ಯ ಬಂದು ನಿಂತ. ಮೊಣಕೈವರೆಗೆ ಸುಟ್ಟ ಕಲೆಗಳು, ಅಂಗಿಯಲ್ಲಿ ಮಂಡಕ್ಕಿಯ ವಾಸನೆ. ದಾದಾಪೀರನ ಅಪ್ಪ ಇಮಾಮ್‌ಸಾಬ್. ಒಳಗೆ ಕರೆದರೂ ಬರಲಿಲ್ಲ, ಹೊಸ್ತಿಲಾಚೆಯೇ ಕೂತ.

“ಮಗಳು ಎಂಟ್ನೇ ಕ್ಲಾಸಿನ್ಯಾಗ ಅದಾಳ್ರೀ. ಸಾಲಿಯಿಂದ ಹುಡುಗ್ರನ್ನ ಕ್ಯಾಂಪಿಗೆ ಕರ್ಕೊಂಡು ಹೊಂಟಾರ. ಗುಡ್ಡ ಹತ್ತೋದು, ಕಂಪೂಟ್ರು ಕಲಿಯೋದು. ಹೆಸರು ಕೊಟ್ಲು. ಮಾಸ್ತರು ಹೊಡೆದುಹಾಕಿದ್ರು. ನಿಮ್ಮನಿ ಹುಡುಗ್ರು ಹೇಳಿದ ಮಾತು ಕೇಳಂಗಿಲ್ಲ, ನಿಮ್ಮಣ್ಣ ದಾರಿ ಬಿಟ್ಟು ಹೋಗಿ ಸತ್ತ, ಅಂದ್ರಂತ.” ಅವನು ಟವೆಲಿನಿಂದ ಬಾಯಿ ಒರೆಸಿಕೊಂಡ. “ಮನೀಗೆ ಬಂದು ಕೇಳ್ತಾಳ, ಅಬ್ಬಾ, ಅಣ್ಣ ದಾರಿ ಬಿಟ್ಟಿದ್ನೇನು ಅಂತ. ನನಗೇನು ಗೊತ್ರೀ? ಅಲ್ಲಿ ನಿಂತೋರು ನೀವಂತ. ಅದಕ್ಕ ನಿಮ್ಮನ್ನ ಕೇಳಾಕ್ ಬಂದೆ. ಮಾತು ಕೇಳ್ಲಿಲ್ಲೇನ್ರೀ ನನ್ನ ಮಗ?”

ಪಡಸಾಲೆಯ ಸರಪಳಿ ಕಿಣಿ ಎಂದಿತು. ಈ ಸಲ ಇಮಾಮ್‌ಸಾಬನೂ ಆ ಕಡೆ ತಿರುಗಿ ನೋಡಿದ.

ಸತ್ತವನನ್ನು ಯಾರೂ ಮರಳಿ ತರಲಾರರು. ಆದರೆ ಅವನ ಹೆಸರಿನ ಮೇಲೆ ಒಂದು ಸುಳ್ಳು ಕೂತು, ಈಗ ಅವನ ತಂಗಿಯ ಹೆಸರನ್ನೂ ಹೊಡೆದುಹಾಕುತ್ತಿತ್ತು. ಆ ಸುಳ್ಳಿನ ಕೆಳಗಿದ್ದದ್ದು ನಾಗರಾಜಪ್ಪನ ಸಹಿ. ಅವರು ಟ್ರಂಕು ತೆರೆದರು. ತೂತಂಚಿನ ಕಾಗದವನ್ನೂ ನಕ್ಷೆಯನ್ನೂ ತಂದು ಹೊಸ್ತಿಲ ಮೇಲೆ ಹಾಸಿದರು.

“ನಿಮ್ಮ ಮಗ ಒಂದು ಹೆಜ್ಜೆ ತಪ್ಪಿಲ್ಲ ಸಾಬ್ರೆ. ಇದು ಅವನು ನಡೆದದ್ದು. ಇದು ನಾನು ಬರೆಸಿದ್ದು. ನಾನು ಆ ದಾರೀನ ನಡೀದೇ ಬರೆಸಿದೆ. ಉಂಡು, ಜಗಲಿ ಮ್ಯಾಲೆ ಕೂತು ಬರೆಸಿದೆ.”

ಇಮಾಮ್‌ಸಾಬ್ ಬಹಳ ಹೊತ್ತು ಆ ಗೆರೆಯ ಮೇಲೆ ಬೆರಳಾಡಿಸಿದ. ಬೈಯಲಿಲ್ಲ. ಬೈದಿದ್ದರೆ ನಾಗರಾಜಪ್ಪನಿಗೆ ಉಸಿರಾಡಲು ಸ್ವಲ್ಪ ಜಾಗ ಸಿಗುತ್ತಿತ್ತು.

“ನಡ್ಯಾಕ ಎಷ್ಟು ಹೊತ್ತು ಬೇಕಾಗಿತ್ರೀ ಅವತ್ತು?”

“ಕಾಲು ಗಂಟೆ.”

“ಕಾಲು ಗಂಟೆ,” ಅಂದ ಇಮಾಮ್‌ಸಾಬ್. ಬಸವಣ್ಣೆಮ್ಮ ತಂದಿಟ್ಟ ನೀರನ್ನು ಮುಟ್ಟದೆ ಎದ್ದ. “ಬರ್ದು ಕೊಡ್ರಿ. ಬಾಯಿಮಾತು ಮಾಸ್ತರು ನಂಬಂಗಿಲ್ಲ.”

ನಾಗರಾಜಪ್ಪ ಬರೆದರು. ಇನ್ನೊಂದು ಪ್ರತಿಯನ್ನು ನಕ್ಷೆ ಇಡುವ ಕಚೇರಿಗೂ ಕಳಿಸಿದರು: ನಾನು ಇಂಥವನು, ಇಂಥ ವರ್ಷ ನಡೆಯದೆ ಸಹಿ ಹಾಕಿದೆ, ಅಲ್ಲಿ ದಾರಿಯಿಲ್ಲ, ಹೊಂಡವಿದೆ, ಒಬ್ಬ ಹುಡುಗ ಸತ್ತಿದ್ದಾನೆ, ಅವನು ದಾರಿ ತಪ್ಪಿರಲಿಲ್ಲ, ನಕ್ಷೆ ತಿದ್ದಿ, ನನ್ನ ಮೇಲೆ ಏನು ಕ್ರಮ ಬೇಕೋ ತೆಗೆದುಕೊಳ್ಳಿ.

ಆ ವರ್ಷದ ಡಿಸೆಂಬರಿನಲ್ಲಿ ಉತ್ತರ ಬಂತು. ‘ಸ್ಥಳ ಪರಿಶೀಲಿಸಲಾಗಿ, ನಕ್ಷೆಯಲ್ಲಿ ಕಾಣಿಸಿರುವಂತೆ ಸದರಿ ಜಾಗದಲ್ಲಿ ಸಾರ್ವಜನಿಕ ಕಾಲುದಾರಿ ಇರುತ್ತದೆ. ಅಳತೆ ಇಪ್ಪತ್ತೇಳು ಸರಪಳಿ ನಾಲ್ಕು ಆಣೆ.’ ಕೆಳಗೆ ಎರಡು ಸಹಿ, ಸೀಲು.

ಬಸವಣ್ಣೆಮ್ಮ ಓದಿಸಿಕೊಂಡು, “ಹಂಗಾದ್ರೆ ಹೋಗಿ ನೋಡಿ ಬಂದಾರೇನು?” ಎಂದಳು.

“ಹೋಗಿದ್ರೆ ಮುಳುಗ್ತಿದ್ರು,” ಎಂದರು ನಾಗರಾಜಪ್ಪ. ಸರಪಳಿ ಹೆಗಲಿಗೆ ಹಾಕಿಕೊಂಡು ಬಿಳಿಗಲ್ಲುಕೊಪ್ಪದ ಬಸ್ಸು ಹತ್ತಿದರು. ಶಾಲೆಯ ಹಿಂದಿನಿಂದ ಶುರುಮಾಡಿ, ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ಒಬ್ಬರೇ ಎರಡೂ ತುದಿ ಹಿಡಿದು ಇಪ್ಪತ್ತು ಸರಪಳಿ ಅಳೆದರು. ವರದಮ್ಮ ಮುಳ್ಳಿನ ಹೊರೆ ತಂದು ದಾರಿಗೆ ಅಡ್ಡ ಹಾಕಿದಳು. ಕೊನೆಯ ಕೊಂಡಿ ಹೊಂಡದ ಅಂಚಿಗೆ ಬಂದು ನಿಂತಲ್ಲಿ ಅವರು ಒಂದು ಗೂಟ ನೆಟ್ಟು, ಸರಪಳಿಯನ್ನು ಅದಕ್ಕೇ ಸುತ್ತಿ ಬಿಟ್ಟುಬಂದರು. ಅದು ಇನ್ನೂ ಅಲ್ಲಿ ಕಿಣಿಗುಟ್ಟುತ್ತದೆ ಎಂದು ವರದಮ್ಮ ಹೇಳುತ್ತಾಳೆ. ದಾದಾಪೀರನ ತಂಗಿಯ ಹೆಸರನ್ನು ಮಾಸ್ತರು ಪಟ್ಟಿಗೆ ಮತ್ತೆ ಸೇರಿಸಿದರೋ ಇಲ್ಲವೋ, ಇಮಾಮ್‌ಸಾಬ್ ತಿಳಿಸಲಿಲ್ಲ. ತಿಳಿಸುವ ಋಣ ಅವನಿಗೇನೂ ಇರಲಿಲ್ಲ.

ಇಷ್ಟು ಓದಿ ನಿಟ್ಟುಸಿರು ಬಿಟ್ಟು ಪುಟ ತಿರುವುವ ನಿಮಗೆ ಒಂದೇ ಮಾತು. ನಿಮ್ಮೂರಿನಲ್ಲೂ ಒಂದು ಚುಕ್ಕೆಗೆರೆ ಇದೆ. ನಿಮ್ಮ ಮಕ್ಕಳೋ ಇನ್ಯಾರ ಮಕ್ಕಳೋ ಅದನ್ನು ನಂಬಿ ನಾಳೆ ನಡೆಯುತ್ತಾರೆ. ನಕ್ಷೆಯ ಪ್ರತಿ ಕೇಳಿ ಪಡೆಯಿರಿ. ಈ ಭಾನುವಾರ ಅದರ ಮೇಲೆ ನೀವೇ ನಡೆಯಿರಿ, ಒಂದೊಂದೇ ಹೆಜ್ಜೆ ಎಣಿಸುತ್ತಾ. ನೆಲ ಎಲ್ಲಿ ಮುಗಿಯುತ್ತದೋ ಅಲ್ಲಿ ನಿಂತು, ಆ ಸಂಖ್ಯೆ ಬರೆದು, ಕೆಳಗೆ ನಿಮ್ಮ ಹೆಸರು ಹಾಕಿ ಕಚೇರಿಯ ಮೇಜಿನ ಮೇಲಿಡಿ. ಕಾಲು ಗಂಟೆ ಸಾಕು. ಏಳಿ.